ಹಾಲ್‌ನಲ್ಲಿ ಮಲಗುತ್ತಿದ್ದ ಅಕ್ಕಾರು

ತೀರಿಕೊಂಡವರ ಬಗ್ಗೆ ಬರೆಯುವಾಗ ಅವರು ಶಾಂತ ಸ್ವಭಾವದವರು, ಯಾರಿಗೂ ಎದುರಾಡಿದವರಲ್ಲ ಅಂತ ಬರೆಯುವುದು ರೂಢಿ. ನಾನು ಬರೆಯುತ್ತಿರುವ ಹೆಂಗಸು ಹಾಗಿರಲಿಲ್ಲ. ಅವರಿಗೆ ಸಿಟ್ಟು ಬರುತ್ತಿತ್ತು. ಬಂದರೆ ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಸಾಯುವಾಗಲೂ ಅವರು ಸಿಟ್ಟಿನಲ್ಲೇ ಇದ್ದರು. ಹೋದಮೇಲೆ ಎಲ್ಲರೂ ಸೇರಿ ಅವರನ್ನು ಮೆತ್ತಗೆ ಮಾಡಲು ಹೊರಟಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿರುವುದು ಪಿಯುಸಿ. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಒಂದು ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸೀರೆಗೆ ಫಾಲ್ ಹಚ್ಚುತ್ತೇನೆ, ಬ್ಲೌಸ್ ಹೊಲಿಯುತ್ತೇನೆ. ಚೆಂದದ ಮಾತು ನನಗೆ ಬರುವುದಿಲ್ಲ. ನಡೆದದ್ದು ಗೊತ್ತಿದೆ.

ನಾವು ಅವರನ್ನು ಅಕ್ಕಾರು ಅನ್ನುತ್ತಿದ್ದೆವು. ಗದಗಿನ ಕಡೆಯವರು. ಗಂಡನ ಜೊತೆ ಅಮೆರಿಕಕ್ಕೆ ಬಂದವರು. ಗಂಡ ಬೇರೆ ರಾಜ್ಯಕ್ಕೆ ಕೆಲಸ ಅಂತ ಹೋದವನು ವಾಪಸ್ ಬರಲಿಲ್ಲ. ಆ ವಿಷಯ ಯಾರಾದರೂ ಎತ್ತಿದರೆ "ಹ್ವಾದ, ಹೋಗಲಿ. ಮನಿ ಇಲ್ಲೇ ಬಿಟ್ಟು ಹ್ವಾದನಲ್ಲ, ಅಷ್ಟು ಸಾಕು" ಅನ್ನುತ್ತಿದ್ದರು. ಮನೆ ಅಂದರೆ ಬಾಡಿಗೆಯ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು, ಕೆಳಗಿನ ಅಂತಸ್ತು, ಬಾಗಿಲು ತೆರೆದರೆ ಪಾರ್ಕಿಂಗ್. ಅವರ ಮೇಲಿನ ಮನೆ ನಮ್ಮದು. ಹಣೆಗೆ ವಿಭೂತಿ, ತಲೆಗೆ ಅಡುಗೆಮನೆಯವರು ಹಾಕುವ ಬಲೆ, ಕಪ್ಪು ಪ್ಯಾಂಟು, ಮೇಲೊಂದು ಸ್ವೆಟರು. ಎಲಿಮೆಂಟರಿ ಶಾಲೆಯೊಂದರ ಕೆಫೆಟೇರಿಯಾದಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಅವರದು. ಎಷ್ಟೋ ಸಲ ತಲೆಯ ಬಲೆ ತೆಗೆಯುವುದನ್ನು ಮರೆತು ಹಾಗೇ ತರಕಾರಿಗೆ ಹೋಗಿಬಿಡುತ್ತಿದ್ದರು. ನಾನು ಹೇಳಿದರೆ "ಇರ್ಲಿ ಬಿಡು, ಕೂದಲರ ಅದಾವು ಅಂತ ಮಂದಿಗೆ ಗೊತ್ತಾಗಲಿ" ಅನ್ನುವರು.

ಅವರ ಮನೆಯ ಬೆಡ್‌ರೂಮಿನಲ್ಲಿ ಅವರು ಮಲಗಿದ್ದನ್ನು ನಾನು ನೋಡಿಲ್ಲ. ಬೆಡ್‌ರೂಮು ಬಂದವರಿಗೆ, ಹಾಲ್ ಅವರಿಗೆ. ಬಂದವರು ಅಂದರೆ ಯಾರು ಬೇಕಾದರೂ ಆಗಬಹುದು. ಯೂನಿವರ್ಸಿಟಿಗೆ ಓದಲು ಬಂದು ಇನ್ನೂ ಮನೆ ಸಿಗದ ಹುಡುಗರು, ಹುಡುಗಿಯರು. ಗಂಡನ ಹತ್ತಿರ ಜಗಳವಾಡಿ ಸೂಟ್‌ಕೇಸ್ ಹಿಡಿದು ಬಂದ ಒಬ್ಬಳು. ಆಸ್ಪತ್ರೆಗೆ ತೋರಿಸಲು ಆಸ್ಟಿನ್‌ನಿಂದ ಬಂದ ಒಬ್ಬರು ಮುದುಕರು. ಯಾರದೋ ಪರಿಚಯದವರು ಫೋನ್ ಮಾಡುತ್ತಿದ್ದರು, ಇವರು ಹೂಂ ಅನ್ನುತ್ತಿದ್ದರು. ಬಾಡಿಗೆ ಕೊಡುತ್ತೇವೆ ಅಂದರೆ ಬಯ್ಯುತ್ತಿದ್ದರು. "ನನ್ನ ಮನಿ ಏನ್ ಲಾಡ್ಜ್ ಮಾಡೀಯೇನೋ? ಕಸ ಹೊರಗ ಹಾಕು, ಭಾಂಡೆ ತೊಳಿ, ಅಷ್ಟ ಸಾಕು." ಹಾಲ್‌ನಲ್ಲಿ ಸೋಫಾ ಇರಲಿಲ್ಲ. ಬೆಳಿಗ್ಗೆ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದರೆ ಅದೇ ಕೂರುವ ಜಾಗ.

ನಾವು ಆ ಕಾಂಪ್ಲೆಕ್ಸಿಗೆ ಬಂದ ವರ್ಷವೇ ಅವರ ಸಿಟ್ಟಿನ ರುಚಿ ನೋಡಿದೆ. ಆಗಸ್ಟ್ ತಿಂಗಳು. ಹ್ಯೂಸ್ಟನ್ನಿನ ಆಗಸ್ಟ್ ಸೆಕೆ ಏನೆಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಸಾಲಿನ ಎ.ಸಿ.ಗಳೆಲ್ಲ ಕೆಟ್ಟಿದ್ದವು. ಫೋನ್ ಮಾಡಿದರೆ ಕಾಂಪ್ಲೆಕ್ಸಿನ ಆಫೀಸಿನವರು ನಾಳೆ ಅನ್ನುವರು. ಅಕ್ಕಾರು ಒಂದು ಮಡಚುವ ಕುರ್ಚಿ ಹಿಡಿದುಕೊಂಡು ಆಫೀಸಿನ ಒಳಗೆ ಹೋಗಿ ನಡುವೆ ಹಾಕಿಕೊಂಡು ಕೂತರು. ಎದುರು ಮನೆಯ ಮಾರ್ತಾಳನ್ನು ಕರೆದರು. ಹೊಂಡುರಾಸ್‌ನವಳು, ಮೂರು ಮಕ್ಕಳ ತಾಯಿ, ಅಕ್ಕಾರ ಆಪ್ತ ಗೆಳತಿ. ಅವಳು ಮಕ್ಕಳನ್ನೂ ಕರೆತಂದಳು. ನನ್ನನ್ನು ಕರೆದರು. ಟ್ಯಾಕ್ಸಿ ಓಡಿಸುವ ಕರಾಚಿಯ ಮುದುಕರೂ ಪೇಪರ್ ಹಿಡಿದು ಬಂದರು. ಮ್ಯಾನೇಜರ್ ಏನು ಬೇಕು ಅಂತ ಕೇಳಿದಾಗ ಅಕ್ಕಾರು ಕನ್ನಡದಲ್ಲೇ ಉತ್ತರ ಕೊಟ್ಟರು. "ನಮ್ಮ ಎ.ಸಿ. ಸರಿ ಆಗೂ ತನಕ ನಿಮ್ಮ ಎ.ಸಿ. ಒಳಗ ಕುಂದರ್ತೀವಿ. ನೀ ನಿನ್ನ ಕೆಲಸ ಮಾಡಪಾ, ನಮ್ಮ ತ್ರಾಸು ತಗೋಬ್ಯಾಡ." ನಾನು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ, ಮಾರ್ತಾ ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಸಂಜೆಯ ಹೊತ್ತಿಗೆ ರಿಪೇರಿಯವನು ಬಂದ. ಮ್ಯಾನೇಜರ್ ಕೂಡ ನಗುತ್ತಿದ್ದ, ಅದನ್ನು ಹೇಳಬೇಕು. ಆ ಹಳೆಯ ಮ್ಯಾನೇಜರ್ ಸೋಮಾರಿ, ಆದರೆ ಮನುಷ್ಯ.

ಕೆಫೆಟೇರಿಯಾದಲ್ಲಿ ಕೆಲಸ ಮಾಡುತ್ತ ಅಕ್ಕಾರು ಸ್ಪ್ಯಾನಿಷ್ ಕಲಿತಿದ್ದರು. ಕಲಿತದ್ದನ್ನು ಗದಗಿನ ರಾಗದಲ್ಲಿ ಆಡುತ್ತಿದ್ದರು. ಮಾರ್ತಾಳ ಜೊತೆ ಅರ್ಧ ಅದು, ಅರ್ಧ ಕನ್ನಡ. ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ನಮ್ಮ ನೆಲಕ್ಕೆ ಬಂದು ತಾಗುತ್ತಿತ್ತು, ನನಗೆ ಅಲಾರಂ ಬೇಕಿರಲಿಲ್ಲ. ಒಂದು ಪಾಲು ರೊಟ್ಟಿ ಮಾರ್ತಾಳ ಮನೆಗೆ ಸ್ಟೀಲ್ ಡಬ್ಬಿಯಲ್ಲಿ ಹೋಗುತ್ತಿತ್ತು. ಮೊದಲ ಸಲ ಮಾರ್ತಾ ಡಬ್ಬಿ ತೊಳೆದು ವಾಪಸ್ ಕೊಟ್ಟಾಗ ಅಕ್ಕಾರು ಮುಚ್ಚಳ ತೆಗೆದು ಅವಳ ಮುಖ ನೋಡಿದರಂತೆ. "ಖಾಲಿ ಡಬ್ಬಿ ಕೊಡ್ತಾರೇನ್ ಯಾರರ? ಒಂದು ಕಾಳು ಸಕ್ರಿ ಇಲ್ಲೇನ್ ನಿನ್ನ ಮನ್ಯಾಗ?" ಅಂದು ಪಾಠ ಮಾಡಿದರು. ಆಮೇಲೆ ಆ ಡಬ್ಬಿ ಒಮ್ಮೆಯೂ ಖಾಲಿ ಬರಲಿಲ್ಲ. ಬಾಳೆಕಾಯಿ ಚಿಪ್ಸ್, ನಿಂಬೆಹಣ್ಣು, ಏನೂ ಇಲ್ಲದಿದ್ದರೆ ಒಂದು ಚಾಕೊಲೇಟ್.

ನಮ್ಮ ಕನ್ನಡ ಸಂಘದವರಿಗೆ ಅವರು ಹೋಳಿಗೆ ಆಂಟಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ಅವರ ಹೋಳಿಗೆ ಬೇಕು. ಮಾಡುತ್ತಿದ್ದರು. ಆದರೆ ಕಾರ್ಯಕ್ರಮ ಶುರುವಾದ ತಕ್ಷಣ ಕೈ ತೊಳೆದು ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದರು. "ಆಂಟಿ, ಇದು ಸ್ಪಾನ್ಸರ್ಸ್‌ಗೆ ರಿಸರ್ವ್" ಅಂತ ಒಬ್ಬ ಹುಡುಗ ಹೇಳಿದಾಗ, "ಹೌದೇನು? ನಾ ಹೋಳಿಗಿ ಸ್ಪಾನ್ಸರ್. ನೀ ತಿಂದಿ ಇಲ್ಲೋ?" ಅಂದು ಅಲ್ಲೇ ಕೂತರು.

ಆ ಸಂಘದ ಊಟದ ಸಾಲಿನಲ್ಲೇ ಅವರಿಗೆ ಸುದ್ದಿ ಗೊತ್ತಾದದ್ದು. ಹೋಳಿಗೆಗೆ ತುಪ್ಪ ಹಾಕುತ್ತ ನಿಂತಿದ್ದರು. ತಟ್ಟೆ ಹಿಡಿದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಹಿಲ್‌ಕ್ರಾಫ್ಟ್ ಹತ್ತಿರ ಒಂದು ಹಳೇ ಕಾಂಪ್ಲೆಕ್ಸ್ ತಗೊಂಡ್ವಿ, ಒಳ್ಳೆ ಡೀಲ್, ಡಲ್ಲಾಸ್‌ನವರೂ ದುಡ್ಡು ಹಾಕಿದಾರೆ ಅಂತ. ಹೆಸರು ಹೇಳಿದರು. ನಮ್ಮದೇ ಕಾಂಪ್ಲೆಕ್ಸು. ಹೇಳುತ್ತಿದ್ದವನನ್ನು ಅಕ್ಕಾರು ಗುರುತು ಹಿಡಿದರು. ಓದಲು ಬಂದ ಹೊಸತರಲ್ಲಿ ಅವರ ಬೆಡ್‌ರೂಮಿನಲ್ಲಿ ತಿಂಗಳುಗಟ್ಟಲೆ ಇದ್ದ ಹುಡುಗ. ಮೈಸೂರಿನವನು. ಈಗ ದೊಡ್ಡ ಕಂಪನಿಯಲ್ಲಿ ಕೆಲಸ, ಊರಂಚಿನ ಶುಗರ್‌ಲ್ಯಾಂಡಿನಲ್ಲಿ ಸ್ವಂತ ಮನೆ. ಆ ಮನೆಯ ಗೃಹಪ್ರವೇಶಕ್ಕೂ ಹೋಳಿಗೆ ಇವರದೇ.

ಇಲ್ಲಿ ಹೀಗೊಂದು ಪದ್ಧತಿ ಇದೆ. ಕೆಲಸದಲ್ಲಿರುವ ನಮ್ಮವರು ಹತ್ತಾರು ಜನ ಸೇರಿ ದುಡ್ಡು ಹಾಕಿ ಹಳೆಯ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್ ಕೊಳ್ಳುತ್ತಾರೆ. ಬಣ್ಣ ಹೊಡೆಸಿ, ಹೆಸರು ಬದಲಿಸಿ, ಬಾಡಿಗೆ ಏರಿಸಿ, ಕೆಲವು ವರ್ಷ ಬಿಟ್ಟು ಮಾರುತ್ತಾರೆ. ಆ ಕಟ್ಟಡವನ್ನು ಅವರಲ್ಲಿ ಎಷ್ಟೋ ಜನ ಕಣ್ಣಲ್ಲಿ ನೋಡಿರುವುದೂ ಇಲ್ಲ. ಇದು ಅಕ್ಕಾರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ: ನಮ್ಮ ಹುಡುಗ, ನಮ್ಮ ಮನೆಯಲ್ಲಿ ಉಂಡವನು, ನಮ್ಮ ಮನೆ ಕೊಂಡಿದ್ದಾನೆ.

ಅವರು ಸಂತೋಷಪಟ್ಟರು. ಕಾಂಪ್ಲೆಕ್ಸ್ ಮಾರಾಟವಾಗಿದೆ ಅನ್ನುವ ಸುದ್ದಿಗೆ ಎಲ್ಲರೂ ಹೆದರಿದ್ದರು. ಮಾರ್ತಾ ಅಣ್ಣನ ಮನೆಯ ಹತ್ತಿರ ಬೇರೆ ಅಪಾರ್ಟ್‌ಮೆಂಟ್ ನೋಡಿಯೂ ಬಂದಿದ್ದಳು. ಅಕ್ಕಾರು ಒಂದೊಂದು ಬಾಗಿಲೂ ತಟ್ಟಿ ಹೇಳಿದರು. "ಅಂಜಬ್ಯಾಡ್ರಿ. ಮಾಲಕ ನಮ್ಮಾಂವ ಅದಾನ. ನಾ ಮಾತಾಡ್ತೀನಿ. ಯಾರನ್ನೂ ಬಿಡಸಂಗಿಲ್ಲ." ಮಾರ್ತಾಳಿಗೆ ಅವಳ ಭಾಷೆಯಲ್ಲಿ ಹೇಳಿದರು, ಕರಾಚಿಯ ಮುದುಕರಿಗೆ ಬಂದಷ್ಟು ಹಿಂದಿಯಲ್ಲಿ ಹೇಳಿದರು. ಮಾರ್ತಾ ನೋಡಿಬಂದ ಮನೆಯನ್ನು ಬೇಡ ಅಂದಳು. ಅಕ್ಕಾರ ಮಾತಿನ ಮೇಲೆ ಬೇಡ ಅಂದಳು.

ಬಣ್ಣದವರು ಬಂದರು. ಇಟ್ಟಿಗೆಗೆಲ್ಲ ಬೂದು ಬಣ್ಣ. ಈಜುಕೊಳದ ಪಕ್ಕ ನಮ್ಮ ಮಕ್ಕಳು ಆಡುತ್ತಿದ್ದ ಹುಲ್ಲಿನ ಜಾಗಕ್ಕೆ ಬೇಲಿ ಹಾಕಿ ನಾಯಿಗಳ ಪಾರ್ಕ್ ಮಾಡಿದರು. ಖಾಲಿಯಾದ ಮನೆಗಳನ್ನು ಒಡೆದು ಹೊಸದು ಮಾಡಿ ಬೇರೆ ತರಹದ ಜನಕ್ಕೆ ಕೊಟ್ಟರು. ಲ್ಯಾಪ್‌ಟಾಪ್ ಬ್ಯಾಗಿನವರು, ನಾಯಿ ಸಾಕಿದವರು. ಅಕ್ಕಾರ ಪಕ್ಕದ ಮನೆಗೆ ಬಂದವನು ಬೆಳಗಿನ ಸದ್ದಿನ ಬಗ್ಗೆ ದೂರು ಕೊಟ್ಟ. ಆಫೀಸಿನ ಹೊಸ ಹುಡುಗಿ ಬಂದು ನಯವಾಗಿ ಹೇಳಿ ಹೋದಳು.

"ನಾಯಿ ಬೊಗಳಿದ್ರ ನಡೀತೈತಿ, ರೊಟ್ಟಿ ಬಡದ್ರ ನಡಿಯಂಗಿಲ್ಲ" ಅಂದರು ಅಕ್ಕಾರು.

"ನೀವು ಆ ಹುಡುಗನ ಹತ್ರ ಮಾತಾಡ್ತೀನಿ ಅಂದಿದ್ರಲ್ಲ ಅಕ್ಕಾರೇ?" ಅಂದೆ.

"ಮಾತಾಡೂಣು. ಅವಸರ ಮಾಡಬಾರದು. ದೊಡ್ಡ ಕೆಲಸ ಹಿಡಿದಾನ, ಗಡಿಬಿಡ್ಯಾಗ ಇರ್ತಾನ."

ಒಂದು ಮಧ್ಯಾಹ್ನ ಬಾಗಿಲುಗಳಿಗೆಲ್ಲ ನೋಟಿಸ್ ಅಂಟಿಸಿದರು. ಲೀಸ್, ಅಂದರೆ ಬಾಡಿಗೆ ಕರಾರು, ಮುಂದುವರಿಸುವುದಿಲ್ಲ, ಖಾಲಿ ಮಾಡಿ. ಅಕ್ಕಾರಿಗೆ ಇನ್ನೊಂದು ಸಾಲು ಜಾಸ್ತಿ ಇತ್ತು. ಲೀಸ್‌ನಲ್ಲಿ ಹೆಸರಿಲ್ಲದವರನ್ನು ಮನೆಯಲ್ಲಿ ಇರಿಸಿಕೊಂಡಿದ್ದೀರಿ ಅಂತ.

ಆ ಶನಿವಾರ ಅವರು ಶೇಂಗಾ ಹೋಳಿಗೆ ಮಾಡಿದರು. ನನ್ನ ಗಂಡ ಕಾರಿನಲ್ಲಿ ನಮ್ಮಿಬ್ಬರನ್ನು ಶುಗರ್‌ಲ್ಯಾಂಡಿಗೆ ಬಿಟ್ಟರು. ದೊಡ್ಡ ಮನೆ. ಆತ ಬಾಗಿಲಿಗೇ ಬಂದು "ಬನ್ನಿ ಆಂಟಿ, ಎಷ್ಟು ದಿನ ಆಯ್ತು ನೋಡಿ" ಅಂದ. ಹೆಂಡತಿ ಕಾಫಿ ಕೊಟ್ಟಳು. ಆತ ಕೆಟ್ಟದಾಗಿ ನಡೆದುಕೊಂಡ ಅಂತ ನಾನು ಹೇಳುವುದಿಲ್ಲ. ಒಂದು ಮಾತೂ ಒರಟಾಗಿ ಆಡಲಿಲ್ಲ.

ಅಕ್ಕಾರು ನೇರವಾಗಿ ಕೇಳಿದರು. "ತಮ್ಮಾ, ನಮ್ಮನ್ನ ಬಿಡಸಾಕತ್ತೀರಂತಲ್ಲ. ಹೊಸದಾಗಿ ಮಾಡಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಬಾಡಿಗಿನೂ ಒಂದೀಟು ಏರಸ್ರಿ. ಮಂದಿನ್ನ ಯಾಕ ಹೊರಗ ಹಾಕ್ತೀರಿ?"

"ಅದು ನನ್ನ ಕೈಲಿಲ್ಲ ಆಂಟಿ. ನಾವು ತುಂಬಾ ಜನ ಸೇರಿ ಇನ್ವೆಸ್ಟ್ ಮಾಡಿರೋದು. ನಾವು ಸುಮ್ನೆ ದುಡ್ಡು ಹಾಕಿರ್ತೀವಿ, ಅಷ್ಟೇ. ದಿನದ ವ್ಯವಹಾರ ಎಲ್ಲ ಮ್ಯಾನೇಜ್‌ಮೆಂಟ್‌ನವರು ನೋಡ್ಕೋತಾರೆ."

"ಮ್ಯಾನೇಜ್‌ಮೆಂಟ್‌ನಾವ್ರು ಯಾರ ಮಾತು ಕೇಳ್ತಾರ?"

"ಅವರು ಡೀಲ್ ನಡೆಸೋರ ಮಾತು ಕೇಳ್ತಾರೆ."

"ಅವರು ಯಾರ ಮಾತು ಕೇಳ್ತಾರ?"

ಆತ ಸ್ವಲ್ಪ ನಕ್ಕ. "ಇನ್ವೆಸ್ಟರ್ಸ್‌ಗೆ ರಿಟರ್ನ್ಸ್ ಬರ್ಬೇಕಲ್ಲ ಆಂಟಿ."

"ಅಂದ್ರ ತಿರುಗಿ ನಿನ್ನ ಹತ್ರನ ಬಂತು."

ಆತ ಕಾಫಿ ಲೋಟ ಕೆಳಗಿಟ್ಟ. "ನಿಮ್ಮದು ಇನ್ನೊಂದು ಪ್ರಾಬ್ಲಂ ಇದೆಯಂತೆ. ಲೀಸ್‌ನಲ್ಲಿ ಇಲ್ಲದವರು ನಿಮ್ಮ ಮನೇಲಿ ಇರ್ತಾರಂತೆ. ಅದು ರೂಲ್ಸ್‌ಗೆ ವಿರುದ್ಧ ಆಂಟಿ. ಇನ್ಶೂರೆನ್ಸ್‌ನವರು ಒಪ್ಪಲ್ಲ."

ಅಕ್ಕಾರು ಅವನನ್ನೇ ನೋಡಿದರು. "ಇರ್ತಾರಂತ ಯಾರ್ ಹೇಳಿದ್ರು ನಿನಗ? ನೀನ ಇದ್ದೆಲ್ಲೋ."

ಆತನ ಹೆಂಡತಿ ಒಳಗೆ ಎದ್ದುಹೋದಳು. ಕೊನೆಗೆ ಆತ ಹೇಳಿದ: ಬೇರೆ ಕಡೆ ತಮ್ಮವರದೇ ಇನ್ನೊಂದು ಪ್ರಾಪರ್ಟಿ ಇದೆ, ಹೈವೇ ಆಚೆ, ತಾನು ಹೇಳಿದರೆ ಅರ್ಜಿಯ ಫೀಸ್ ಬಿಡುತ್ತಾರೆ ಅಂತ. ಆತನ ಮಗಳು ಅಷ್ಟರಲ್ಲಿ ಬಂದು ಡಬ್ಬಿಯ ಕಡೆ ನೋಡುತ್ತ ನಿಂತಿದ್ದಳು. ಅಕ್ಕಾರು ಮುಚ್ಚಳ ತೆಗೆದು ಮಗುವಿಗೆ ಒಂದು ಹೋಳಿಗೆ ಕೊಟ್ಟರು. "ಥ್ಯಾಂಕ್ಯೂ ಅಜ್ಜಿ" ಅಂತು ಮಗು. ತಲೆ ಸವರಿದರು. ಮುಚ್ಚಳ ಹಾಕಿ, ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಎದ್ದರು.

ಕಾರಿನಲ್ಲಿ ಆ ಹೋಳಿಗೆಗಳನ್ನು ನಮಗೆ ಒಂದೊಂದಾಗಿ ಹಂಚಿದರು. "ತಿನ್ರಿ. ತುಪ್ಪ ಸುರದು ಮಾಡೀನಿ ಅವಂಗ" ಅಂದರು. ದಾರಿಯುದ್ದಕ್ಕೂ ಬೈದರು. ಅವರ ಊರಿನ ಕಡೆಯ ಬೈಗುಳ, ಇಲ್ಲಿ ಬರೆಯುವ ಹಾಗಿಲ್ಲ. 

ಆದರೆ ಕಾಂಪ್ಲೆಕ್ಸಿನ ಗೇಟ್ ಬಂದಾಗ ಅವರ ದನಿ ಇಳಿಯಿತು. "ತಂಗಿ, ಮಾರ್ತಾಗ ಏನಂತ ಹೇಳ್ಲಿ?" ಅಂದರು. ಮನೆ ಹೋಗುವುದಕ್ಕಿಂತ ಅವರನ್ನು ತಿಂದದ್ದು ಅದು. ಅವರ ಮಾತು ನಂಬಿ ಕೂತಿದ್ದ ಮನೆಗಳು. ಒಂದೊಂದು ಬಾಗಿಲೂ ಮತ್ತೆ ತಟ್ಟಿ, ನಾನು ಹೇಳಿದ್ದು ತಪ್ಪಾಯಿತು ಅಂತ ಹೇಳಿಬಂದರು. ಕರಾಚಿಯ ಮುದುಕರು ಪರವಾಗಿಲ್ಲ ಬೆಹೆನ್ ಅಂದರಂತೆ. ಮಾರ್ತಾ ನೋಡಿದ್ದ ಮನೆ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಸ್ಯಾನ್ ಆಂಟೋನಿಯೋದಲ್ಲಿ ನಾದಿನಿಯ ಮನೆಯ ಗ್ಯಾರೇಜಿಗೆ ಹೋಗುವುದು ಅಂತ ತೀರ್ಮಾನವಾಯಿತು. ಮಕ್ಕಳ ಶಾಲೆ ನಡುವೆ ಬಿಡಿಸಿದರು.

ಟ್ರಕ್ಕು ಬಂದ ಬೆಳಿಗ್ಗೆ ಮಾರ್ತಾ ಬಂದು ಅಕ್ಕಾರ ಸ್ಟೀಲ್ ಡಬ್ಬಿ ಕೊಟ್ಟು ಹೋದಳು. ನಾನು ಅಲ್ಲೇ ಇದ್ದೆ. ಅಕ್ಕಾರು ಮುಚ್ಚಳ ತೆಗೆದರು. ಚೆನ್ನಾಗಿ ತೊಳೆದು ಒರೆಸಿದ ಡಬ್ಬಿ. ಒಳಗೆ ಏನೂ ಇರಲಿಲ್ಲ.

"ಗಡಿಬಿಡೀಲಿ ಮರೆತಿರ್ತಾಳೆ" ಅಂದೆ ನಾನು.

"ಇಲ್ಲ. ಆಕಿ ಮರಿಯಾಕಿ ಅಲ್ಲ" ಅಂದರು.

ಅವರಿಗೆ ಸಿಕ್ಕ ಹೊಸ ಮನೆ ಊರಾಚೆ, ಹೈವೇ ಪಕ್ಕ. ಆತ ಹೇಳಿದ ಪ್ರಾಪರ್ಟಿ ಅಲ್ಲ. ಅದರ ಹೆಸರೆತ್ತಲೂ ಅವರು ಬಿಡಲಿಲ್ಲ. ಇದೂ ಒಂದು ಬೆಡ್‌ರೂಮು, ಮೇಲಿನ ಅಂತಸ್ತು. ಅಲ್ಲಿ ಬಸ್ ಇಲ್ಲ, ನಡೆದು ಹೋಗಲು ಅಂಗಡಿ ಇಲ್ಲ, ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಜೊತೆ ಕೆಲಸದವಳೊಬ್ಬಳು ಸ್ವಲ್ಪ ದಿನ ಕಾರಿನಲ್ಲಿ ಕರೆದುಕೊಂಡು ಹೋದಳು, ಆಮೇಲೆ ಆಗಲಿಲ್ಲ. ಶಾಲೆಯ ಕೆಲಸ ಬಿಟ್ಟರು. ಭಾನುವಾರ ಬಿಡುವಾದಾಗ ನಾವು ಹೋಗಿ ಜೋಳದ ಹಿಟ್ಟು, ತರಕಾರಿ ಕೊಟ್ಟು ಬರುತ್ತಿದ್ದೆವು. ಬೆಡ್‌ರೂಮಿನಲ್ಲಿ ಮಡಿಚಿಟ್ಟ ಬೆಡ್‌ಶೀಟು, ದಿಂಬು ಎಲ್ಲ ತಯಾರಿರುತ್ತಿತ್ತು. ಅಲ್ಲಿಗೆ ಯಾರೂ ಬರಲಿಲ್ಲ. ಯೂನಿವರ್ಸಿಟಿಗೆ ದೂರ, ಯಾರು ಬರುತ್ತಾರೆ. ಅವರು ಹಾಲ್‌ನಲ್ಲೇ ಮಲಗುತ್ತಿದ್ದರು.

"ನೀವೇ ಒಳಗೆ ಮಲಗಬಾರದಾ ಅಕ್ಕಾರೇ? ಹಾಲ್‌ನಲ್ಲಿ ಹೈವೇ ಸದ್ದು" ಅಂದೆ ಒಮ್ಮೆ.

"ನನಗ ರೂಢಿ ಇಲ್ಲ" ಅಂದರು. ದಿಂಬು ಸರಿಯಾಗಿಟ್ಟು, "ಶುಗರ್‌ಲ್ಯಾಂಡಿನಾಂವ ಫೋನ್ ಮಾಡಿದ್ದ" ಅಂದರು. ಯುಗಾದಿಗೆ ಹೋಳಿಗೆ ಮಾಡಿಕೊಡುತ್ತೀರಾ ಆಂಟಿ, ಯಾರನ್ನಾದರೂ ಪಿಕಪ್‌ಗೆ ಕಳಿಸುತ್ತೇವೆ ಅಂತ ಕೇಳಿದನಂತೆ.

"ನೀವೇನಂದ್ರಿ?"

"ಇದ್ದದ್ದು ಹೇಳಿದೆ. ಮಾರ್ತಾನ ಮಕ್ಕಳಿಗೆ ಮನಿ ಕೊಡು, ಆಮ್ಯಾಲ ಹೋಳಿಗಿ ಕೇಳು ಅಂದೆ. ಮಾರ್ತಾ ಯಾರು ಅಂದ. ಫೋನ್ ಇಟ್ಟೆ."

ಅದಾದ ಕೆಲವೇ ವಾರಕ್ಕೆ ಹೋದರು. ಹೃದಯ ನಿಂತಿತು ಅಂತ ಬರೆದಿದ್ದಾರೆ. ಡಾಕ್ಟರ ಮಾತಿಗೆ ಎದುರು ಹೇಳುವಷ್ಟು ನಾನು ಓದಿಲ್ಲ. ಸಂಕಟ ಬಂದ ಗಳಿಗೆಯಲ್ಲಿ ಹಳೆಯ ಮನೆಯಲ್ಲಿ ಇದ್ದಿದ್ದರೆ ಕೂಗಿದರೆ ಎದುರಿನ ಮಾರ್ತಾಳಿಗೆ ಕೇಳುತ್ತಿತ್ತು, ಗೋಡೆ ಬಡಿದರೆ ಮೇಲಿದ್ದ ನನಗೆ ಕೇಳುತ್ತಿತ್ತು. ಇದನ್ನು ಯಾವ ಡಾಕ್ಟರೂ ಬರೆಯುವುದಿಲ್ಲ. ಮಾರ್ತಾಳಿಗೆ ಫೋನ್ ಮಾಡಿ ಮುರುಕು ಇಂಗ್ಲಿಷಿನಲ್ಲೇ ಹೇಳಿದೆ. ಅವಳು ತುಂಬ ಹೊತ್ತು ಅತ್ತಳು. ನನಗೆ ಅವಳ ಭಾಷೆ ಬರುವುದಿಲ್ಲ, ಅವಳಿಗೆ ನನ್ನದು ಬರುವುದಿಲ್ಲ. ಫೋನ್ ಇಡದೆ ಇಬ್ಬರೂ ಹಾಗೇ ಇದ್ದೆವು.

ಸಂಘದವರು ಒಂದು ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಪರದೆಯ ಮೇಲೆ ಅವರ ಫೋಟೋ, ಕೈಯಲ್ಲಿ ಹೋಳಿಗೆಯ ತಟ್ಟೆ. ಒಬ್ಬೊಬ್ಬರೇ ಬಂದು ಹೇಳಿದರು: ತಾಯಿಯಂಥವರು, ಅನ್ನಪೂರ್ಣೆ, ನಗುಮುಖ. ಆತನೂ ಬಂದ. ತಾನು ಸ್ಟೂಡೆಂಟ್ ಆಗಿದ್ದಾಗ ಆಂಟಿ ತಮ್ಮ ಬೆಡ್‌ರೂಮ್ ಬಿಟ್ಟುಕೊಟ್ಟು ಹಾಲ್‌ನಲ್ಲಿ ಮಲಗುತ್ತಿದ್ದರು ಅಂತ ಹೇಳುವಾಗ ಆತನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರು ಅಂತ ನನಗೆ ಅನಿಸಲಿಲ್ಲ, ಅದಕ್ಕೇ ಇನ್ನೂ ಮೈ ಉರಿಯಿತು. ಕೊನೆಗೆ ಹೇಳಿದ, "ಆಂಟಿ ಯಾವತ್ತೂ ಯಾರ ಮೇಲೂ ಬೇಸರ ಮಾಡ್ಕೊಂಡವರಲ್ಲ."

ನಾನು ಸಭೆಯಲ್ಲಿ ಮಾತಾಡಿದವಳಲ್ಲ. ಕೂತಲ್ಲೇ ಎದ್ದು ನಿಂತೆ. ಮೈಕ್ ಕೊಡಲು ಬಂದ ಹುಡುಗಿಗೆ ಬೇಡ ಅಂದೆ.

"ನಿಮ್ಮ ಮೇಲೆ ಮಾಡ್ಕೊಂಡಿದ್ರು" ಅಂದೆ. "ನೀವು ಅವರ ಮನೆ ಬಿಡಿಸಿದ್ರಿ. ಅವರ ಮಾತು ನಂಬಿದ್ದವರ ಮನೇನೂ ಬಿಡಿಸಿದ್ರಿ. ಸಾಯೋವರೆಗೂ ಅವರಿಗೆ ನಿಮ್ಮ ಮೇಲೆ ಸಿಟ್ಟಿತ್ತು. ಅದನ್ನೂ ಹೇಳಿ."

ಆಮೇಲೆ ಸಂಘದ ಸೆಕ್ರೆಟರಿ ಎದ್ದು ಒಂದು ನಿಮಿಷ ಮೌನ ಆಚರಿಸೋಣ ಅಂದರು. ಮೌನ ಮುಗಿದ ಮೇಲೆ ಊಟ ಇದೆ ಅಂದರು.

ನಾನು ಊಟಕ್ಕೆ ನಿಲ್ಲಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಆತ ಹಿಂದೆ ಬಂದ. ಮುಖ ಬಾಡಿತ್ತು. "ಅಕ್ಕ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ" ಅಂದ. ಇನ್ನೇನು ಹೇಳಬೇಕೋ ತಿಳಿಯದೆ, "ನೀವೂ ಅಲ್ಲೇ ಇದ್ರಿ ಅಲ್ವಾ? ಈಗ ಎಲ್ಲಿದ್ದೀರಾ?" ಅಂತ ಕೇಳಿದ.

ಸೌಜನ್ಯಕ್ಕೆ ಕೇಳಿದ ಅಂತ ನನಗೆ ಗೊತ್ತು. ಆದರೂ ಹೇಳಲಿಲ್ಲ. ನಾವೀಗ ಇರುವ ಕಾಂಪ್ಲೆಕ್ಸ್ ಹಳೆಯದು, ಬಾಡಿಗೆ ಕಮ್ಮಿ, ಬಸ್ ಸ್ಟಾಪಿಗೆ ಹತ್ತಿರ. ಇವರು ಕೊಳ್ಳಲು ಹುಡುಕುವುದು ಅಂಥದ್ದನ್ನೇ.